ಆರ್ಚ್‌ಬಿಷಪ್ಪರ ಕೋಟೆಗೆ ಭಾವನ ದಾಳಿ

ಬೆಟ್ಟದ ಮೇಲೆ ಕೋಟೆ ಕಟ್ಟುವವರ ಉದ್ದೇಶ ಒಂದೇ. ಬೇರೆಯವರು ಹತ್ತಿ ಬರಬಾರದು. ಅಂಥ ಜಾಗಕ್ಕೆ ನಾವು ದುಡ್ಡು ಕೊಟ್ಟು, ನೀರಿನ ಬಾಟಲಿ ಹಿಡಿದು, ನಗುನಗುತ್ತಾ ಹೊರಡುತ್ತೇವೆ. ಅರ್ಧ ದಾರಿಯಲ್ಲಿ ನಿಂತು 'ಅಯ್ಯೋ, ಎಷ್ಟು ಕಡಿದಾಗಿದೆ!' ಅಂತ ಗೊಣಗುತ್ತೇವೆ. ಕಡಿದಾಗಿರಲಿ ಅಂತಲೇ ಅಲ್ವಾ ಅಲ್ಲಿ ಕಟ್ಟಿದ್ದು?

ಆಸ್ಟ್ರಿಯಾದ ಹೋಹೆನ್‌ವೆರ್ಫೆನ್ ಕೋಟೆಯೂ ಹಾಗೇ. ಸಾಲ್ಜ್‌ಬರ್ಗ್ ನಗರದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್. ಕೆಳಗೆ ಸಾಲ್ಜಾಖ್ ನದಿ, ಎರಡೂ ಕಡೆ ಆಲ್ಪ್ಸ್‌ನ ಬೋಳು ಬಂಡೆಗಳ ಸಾಲು. ನಡುವೆ ಕಣಿವೆಗೆ ಬಿರಡೆ ಹಾಕಿದ ಹಾಗೆ ಒಂದು ಗುಡ್ಡ. ಅದರ ನೆತ್ತಿಯ ಮೇಲೆ ಕೋಟೆ. 1075ರ ಸುಮಾರಿಗೆ ಇದನ್ನು ಕಟ್ಟಿಸಲು ಶುರು ಮಾಡಿದ್ದು ರಾಜನಲ್ಲ, ಸಾಲ್ಜ್‌ಬರ್ಗ್‌ನ ಆರ್ಚ್‌ಬಿಷಪ್ ಗೆಬ್‌ಹಾರ್ಡ್. ಆಗ ಪೋಪ್‌ಗೂ ಜರ್ಮನಿಯ ರಾಜ ನಾಲ್ಕನೇ ಹೆನ್ರಿಗೂ ದೊಡ್ಡ ಜಗಳ. ಬಿಷಪ್ಪರನ್ನು ನೇಮಿಸುವ ಅಧಿಕಾರ ಯಾರದು ಅಂತ. ಗೆಬ್‌ಹಾರ್ಡ್ ಪೋಪ್ ಕಡೆ ನಿಂತರು. ದೊಡ್ಡವರ ಜಗಳದಲ್ಲಿ ಒಬ್ಬರ ಕಡೆ ನಿಂತ ಮೇಲೆ ಮನೆಗೆ ಗಟ್ಟಿ ಬಾಗಿಲು ಬೇಕಾಗುತ್ತದೆ. ಹಾಗಾಗಿ ಇಲ್ಲೊಂದು ಕೋಟೆ, ಸಾಲ್ಜ್‌ಬರ್ಗ್‌ನಲ್ಲೊಂದು, ಫ್ರೀಸಾಖ್‌ನಲ್ಲಿ ಮತ್ತೊಂದು. ಇಷ್ಟೆಲ್ಲಾ ಮಾಡಿಯೂ 1077ರಿಂದ 1086ರವರೆಗೆ ಅವರು ಊರು ಬಿಟ್ಟೇ ಇರಬೇಕಾಯಿತು. ಕೋಟೆ ಗಟ್ಟಿಯಾಗಿಯೇ ಇತ್ತು, ಪಾಪ, ಯಜಮಾನರೇ ಒಳಗಿರಲಿಲ್ಲ.

ನಮ್ಮ ಭಾವನಿಗೆ ಈ ಬಿಷಪ್ಪರ ತಾಪತ್ರಯ ಯಾವುದೂ ಬೇಕಿರಲಿಲ್ಲ. ಅವರು ಬಂದದ್ದು ಒಂದು ಸಿನಿಮಾಕ್ಕಾಗಿ. 1968ರ ಒಂದು ಯುದ್ಧದ ಸಿನಿಮಾದ ಚಿತ್ರೀಕರಣ ಇಲ್ಲಿ ನಡೆದಿತ್ತು. ಅದರಲ್ಲಿ ಕೋಟೆಗೆ ಹೋಗುವುದು ಕೇಬಲ್ ಕಾರ್‌ನಲ್ಲಿ. ಅದರ ಛಾವಣಿಯ ಮೇಲೆ ಜೀವ ಹೋಗುವಂಥ ಹೊಡೆದಾಟ ಬೇರೆ. ಭಾವ ಟಿಕೆಟ್ ಕೌಂಟರ್‌ನಲ್ಲಿ ಮೊದಲು ಕೇಳಿದ್ದೇ, "ಕೇಬಲ್ ಕಾರ್ ಎಲ್ಲಿ?"

ಕೌಂಟರಿನಾಕೆ ತಲೆ ಎತ್ತಲಿಲ್ಲ. "ಎಬೆನ್‌ಸೇ," ಅಂದಳು.

ಎಬೆನ್‌ಸೇ ಇರುವುದು ಪಕ್ಕದ ರಾಜ್ಯದಲ್ಲಿ. ಸಿನಿಮಾದವರು ಕೋಟೆಯನ್ನು ಇಲ್ಲಿ, ಕೇಬಲ್ ಕಾರನ್ನು ಅಲ್ಲಿ ಚಿತ್ರೀಕರಿಸಿ ಜೋಡಿಸಿದ್ದರು. ಇಲ್ಲಿರುವುದು ಗುಡ್ಡದ ಮೈಗೆ ಅಂಟಿಕೊಂಡು ಮೇಲೇರುವ ಒಂದು ಪುಟ್ಟ ಲಿಫ್ಟ್. ಭಾವ ಅದನ್ನೊಮ್ಮೆ ನೋಡಿದರು. "ಇದರಲ್ಲಿ ಹೋಗೋಕೆ ಇಷ್ಟು ದೂರ ಬರಬೇಕಿತ್ತಾ? ನಡಿ, ಹತ್ತೋಣ," ಅಂತ ನನಗೆ ಹೇಳಿದರು. ಅಕ್ಕ ಆಗಲೇ ಲಿಫ್ಟಿನೊಳಗೆ ನಿಂತು ನಮಗೆ ಕೈ ಬೀಸುತ್ತಿದ್ದಳು. ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ಯಾವ ಮಾತಿಗೆ ಉತ್ತರ ಕೊಡಬೇಕು, ಯಾವುದಕ್ಕೆ ಬೇಡ ಅಂತ ಅವಳಿಗೆ ಚೆನ್ನಾಗಿ ಗೊತ್ತು.

ದಾರಿ ಸುತ್ತಿ ಸುತ್ತಿ ಏರುತ್ತದೆ. ಒಂದು ಬಾಗಿಲು ದಾಟಿದರೆ ಇನ್ನೊಂದು ಬಾಗಿಲು. ಉಸಿರು ಸಿಕ್ಕಿಕೊಂಡಾಗಲೆಲ್ಲ ಭಾವನಿಗೆ ಇತಿಹಾಸ ನೆನಪಾಗುತ್ತಿತ್ತು. ಗೋಡೆಗೆ ಕೈ ಊರಿ ನಿಂತು, "ನೋಡು, ಶತ್ರು ಇಲ್ಲಿಗೆ ಬಂದಾಗ... ಮೇಲಿಂದ... ಕಲ್ಲು..." ಅನ್ನುತ್ತಿದ್ದರು. ಕಲ್ಲಿನ ಅವಶ್ಯಕತೆಯೇ ಇರಲಿಲ್ಲ ಅಂತ ನನಗನ್ನಿಸಿತು. ಕಾಯ್ದುಕೊಂಡು ಕೂತಿದ್ದರೆ ಸಾಕಿತ್ತು. ಅಷ್ಟರಲ್ಲಿ ಎರಡು ಕೋಲು ಹಿಡಿದ ಅಜ್ಜಿಯೊಬ್ಬರು "ಗ್ರೂಸ್ ಗಾಟ್" ಅಂತ ನಮಸ್ಕಾರ ಹೇಳಿ ಪಕ್ಕದಲ್ಲೇ ಸರಸರನೆ ಹತ್ತಿ ಹೋದರು. ಭಾವನಿಗೆ ಮಾತು ಹೊರಡಲಿಲ್ಲ. ಶರಣಾದವರ ಹಾಗೆ ಎರಡೂ ಕೈ ಎತ್ತಿದರು.

ಎರಡನೇ ಬಾಗಿಲಿನ ಹತ್ತಿರ ಅವರ ಬಲಗಾಲಿನ ಬೂಟು ಬಾಯಿ ಬಿಟ್ಟಿತು. ವರ್ಷಗಟ್ಟಲೆ ಬೀರುವಿನಲ್ಲಿ ಜೋಪಾನವಾಗಿಟ್ಟ ಬೂಟು ಅದು. ಬೂಟು ಸವೆಯುವುದು ಹಾಕಿಕೊಂಡಾಗ ಅಂತ ನಾವು ತಿಳಿದಿರುತ್ತೇವೆ. ಆದರೆ ಅಂಟು ಸುಮ್ನೆ ಕೂತಲ್ಲೇ ಸಾಯುತ್ತದೆ. ಅಟ್ಟೆ ಹಿಮ್ಮಡಿಯಲ್ಲಷ್ಟೇ ಉಳಿದು ಮುಂದೆ ಪೂರ್ತಿ ಬಿಟ್ಟುಕೊಂಡಿತು. ನನ್ನ ಜಡೆಯ ರಬ್ಬರ್ ಬ್ಯಾಂಡ್ ತೆಗೆದು ಕಟ್ಟಿದೆವು. ಗಿಣಿಹಸಿರು ಬಣ್ಣದ್ದು. ಅದೂ ಪೂರ್ತಿ ಬಿಗಿಯಾಗಲಿಲ್ಲ. ಹೆಜ್ಜೆ ಇಟ್ಟಾಗಲೆಲ್ಲ ಪಟ್, ಪಟ್.

ಕೋಟೆಯ ಒಳಗನ್ನು ನಿಮ್ಮಿಷ್ಟಕ್ಕೆ ಸುತ್ತುವಂತಿಲ್ಲ. ಗೈಡ್ ಹಿಂದೆ ಗುಂಪಾಗಿ ಹೋಗಬೇಕು. ಗೈಡ್ ಮಾತಾಡುವುದು ಜರ್ಮನ್‌ನಲ್ಲಿ. ಉಳಿದವರಿಗೆ ಕಿವಿಗೆ ಹಿಡಿದು ಕೇಳುವ ಯಂತ್ರ. ನಮ್ಮ ಗೈಡ್ ತಮಾಷೆಯ ಹುಡುಗ. ಅವನು ಏನೋ ಹೇಳುತ್ತಾನೆ, ಇಡೀ ಗುಂಪು ಬಿದ್ದು ಬಿದ್ದು ನಗುತ್ತದೆ. ನಮ್ಮ ಯಂತ್ರದಲ್ಲಿ ಒಬ್ಬ ಗಂಭೀರ ಮನುಷ್ಯ ಗೋಡೆಯ ವಿಚಾರ ಹೇಳುತ್ತಿರುತ್ತಾನೆ. ನಗು ಜರ್ಮನ್ನರಿಗೆ, ಇಸವಿ ನಮಗೆ.

ಇಸವಿಗಳೇನೋ ಚೆನ್ನಾಗಿದ್ದವು. ಈ ಕೋಟೆಯನ್ನು ಆಳುವವರು ಎಷ್ಟೋ ಕಾಲ ಸೆರೆಮನೆಯಾಗಿಯೂ ಬಳಸಿದರು. 1611ರಲ್ಲಿ ವುಲ್ಫ್ ಡೀಟ್ರಿಶ್ ಎಂಬ ಆರ್ಚ್‌ಬಿಷಪ್ ಉಪ್ಪಿನ ವ್ಯಾಪಾರದ ವಿಷಯಕ್ಕೆ ಪಕ್ಕದ ಬವೇರಿಯಾದವರ ಜತೆ ಜಗಳಕ್ಕಿಳಿದು, ಸೋತು, ಕೈದಿಯಾಗಿ ಇಲ್ಲಿಗೇ ಬಂದರು. ತಮ್ಮದೇ ಕೋಟೆಗೆ! ಆಮೇಲೆ ಅವರನ್ನು ಸಾಲ್ಜ್‌ಬರ್ಗ್ ಕೋಟೆಗೆ ಸಾಗಿಸಿದರು. ಅದೂ ಅವರದ್ದೇ. 1617ರಲ್ಲಿ ಅಲ್ಲೇ ತೀರಿಕೊಂಡರು. ಎರಡನೇ ಮಹಾಯುದ್ಧ ಮುಗಿದ ಮೇಲೆ 1987ರವರೆಗೆ ಇಲ್ಲಿ ಪೊಲೀಸರ ತರಬೇತಿ ಶಾಲೆ ಇತ್ತು. ಆ ಹುಡುಗರು ಇದೇ ದಾರಿಯಲ್ಲಿ ಎಷ್ಟು ಸಲ ಓಡಿರಬೇಕೋ.

ಎಲ್ಲರೂ ನಗುವಾಗ ಬೆಪ್ಪಾಗಿ ನಿಲ್ಲುವುದು ಭಾವನಿಗೆ ಸಹಿಸಲಾಗಲಿಲ್ಲ. ಅವರೂ ಜತೆಗೆ ನಗತೊಡಗಿದರು. ಆದರೆ ಗುಂಪು ನಕ್ಕದ್ದು ನೋಡಿ ನಗಬೇಕಲ್ಲ, ಹಾಗಾಗಿ ಸ್ವಲ್ಪ ತಡವಾಗುತ್ತಿತ್ತು. ಕೋಣೆಯಿಂದ ಕೋಣೆಗೆ ಆ ಅಂತರ ಬೆಳೆಯುತ್ತಾ ಹೋಯಿತು. ಚಿತ್ರಹಿಂಸೆಯ ಕೋಣೆಗೆ ಕಾಲಿಟ್ಟಾಗ ಗೈಡ್ ದನಿ ತಗ್ಗಿಸಿದ. ಎಲ್ಲರೂ ತಲೆ ಬಗ್ಗಿಸಿ ಮೌನವಾದರು. ಪಟ್, ಪಟ್ ಅಂತ ಹಿಂದಿನಿಂದ ಬಂದ ಭಾವ, ಹಿಂದಿನ ಕೋಣೆಯ ಬಾಕಿ ನಗುವನ್ನು ಅಲ್ಲಿ ನಕ್ಕುಬಿಟ್ಟರು. ಜೋರಾಗಿ. ಗೈಡ್ ಅವರ ಕಡೆ ತಿರುಗಿ ಜರ್ಮನ್‌ನಲ್ಲಿ ಒಂದು ವಾಕ್ಯ ಹೇಳಿದ. ಅದು ಯಂತ್ರದಲ್ಲಿ ಬರಲಿಲ್ಲ.

ಗೋಪುರದಲ್ಲಿ 1568ರ ಗಂಟೆಯೊಂದಿದೆ. 4 ಟನ್‌ಗಿಂತ ಜಾಸ್ತಿ ತೂಕ. ಅದನ್ನು ಮೇಲಕ್ಕೆ ಹೇಗೆ ತಂದರೋ ಎಂದು ಎಲ್ಲರೂ ಬೆರಗಾದರು. ನಾನು ಭಾವನನ್ನು ನೋಡಿದೆ. ಇವರನ್ನು ಕೆಳಕ್ಕೆ ಹೇಗೆ ಒಯ್ಯುವುದು ಅಂತ ನನ್ನ ಚಿಂತೆ.

ಈ ಕೋಟೆಯ ದೊಡ್ಡ ಆಕರ್ಷಣೆ ಬೇಟೆ ಹಕ್ಕಿಗಳ ಪ್ರದರ್ಶನ. ಹುಲ್ಲಿನ ಅಂಗಳ, ಸುತ್ತ ಜನ, ಹಿಂದೆ ಟೆನ್ನೆನ್ ಪರ್ವತ. ಹದ್ದು, ಡೇಗೆಗಳು ತಲೆಗೂದಲು ಸವರಿಕೊಂಡೇ ಹಾರುತ್ತವೆ. ಡೇಗೆಯನ್ನು ಹಿಂದಕ್ಕೆ ಕರೆಯುವ ಉಪಾಯ ಚೆಂದ. ಹಕ್ಕಿ ಪಳಗಿಸುವವರು ದಾರದ ತುದಿಗೆ ತೊಗಲಿನ ತುಂಡು ಕಟ್ಟಿ ಬೀಸುತ್ತಾರೆ. ಹಕ್ಕಿ ಅದನ್ನೇ ಬೇಟೆ ಅಂದುಕೊಂಡು ಮೇಲಿನಿಂದ ಎರಗುತ್ತದೆ. ಭಾವ ಮೊದಲ ಸಾಲಿನಲ್ಲಿ ಕೂತಿದ್ದರು. ಕಾಲ ಮೇಲೆ ಕಾಲು ಹಾಕಿ, ಪಾದ ಆಡಿಸುತ್ತಾ. ಹಸಿರು ರಬ್ಬರಿನ ಕೆಳಗೆ ತೊಗಲಿನ ಅಟ್ಟೆ ಪಟಪಟ ಅಂತ ಬಡಿಯುತ್ತಿತ್ತು.

ಹಕ್ಕಿಯವರು ಕೈಯಲ್ಲಿದ್ದ ಡೇಗೆಯ ಕಣ್ಣು ಎಲ್ಲಿದೆ ನೋಡಿದರು. ಆಮೇಲೆ ಆ ಬೂಟು ನೋಡಿದರು. ಹಕ್ಕಿಯನ್ನು ಬಿಡದೆ ನೇರವಾಗಿ ಬಂದು, ಬಹಳ ವಿನಯದಿಂದ ಭಾವನನ್ನು ಕೊನೆಯ ಸಾಲಿಗೆ ಕಳಿಸಿದರು. ಅಕ್ಕ ಅಲ್ಲೇ ಕೂತಿದ್ದಳು, ಕಾಫಿ ಕುಡಿದು ಬಂದು. "ಏನ್ರೀ ಇದು, ಹಕ್ಕಿಗೂ ಬೇಡವಾದ್ರಾ?" ಅಂದಳು.

ಇಳಿಯುವಾಗ ಯಾರೂ ಏನೂ ಹೇಳಲಿಲ್ಲ, ಭಾವ ತಾವಾಗಿಯೇ ಲಿಫ್ಟಿನ ಸಾಲಿನಲ್ಲಿ ನಿಂತರು. ಅವತ್ತು ಭಾನುವಾರ. ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿಗಳಿಗೆ ರಜೆ. ವೆರ್ಫೆನ್ ಊರಿನ ಬೀದಿಯಲ್ಲಿ ಬೂಟು ಹುಡುಕುವ ಆಸೆಯೂ ಮುಗಿಯಿತು. ಕೊನೆಗೆ ಅಕ್ಕ ತನ್ನ ಚೀಲದಿಂದ ರೂಮಿನಲ್ಲಿ ಹಾಕಿಕೊಳ್ಳುವ ಚಪ್ಪಲಿ ತೆಗೆದುಕೊಟ್ಟಳು. ಗುಲಾಬಿ ಬಣ್ಣ, ಮೇಲೊಂದು ಮುತ್ತಿನ ಚಿಟ್ಟೆ. ಹಿಮ್ಮಡಿ ಹೊರಗೇ ಉಳಿಯಿತು. ಸಾಲ್ಜ್‌ಬರ್ಗ್ ರೈಲಿನಲ್ಲಿ ಟಿಕೆಟ್ ಪರೀಕ್ಷಕರು ಭಾವನ ಟಿಕೆಟ್ ನೋಡಿದರು, ಚಪ್ಪಲಿ ನೋಡಿದರು, ಯಾಕೋ ಟಿಕೆಟ್ಟನ್ನು ಇನ್ನೊಮ್ಮೆ ಕೇಳಿ ಪಡೆದು ನೋಡಿದರು.