ರೆಸಿಟಟಿವ್ ಕಲಿಸುವ ದಾರಿ

ಸ್ಪರ್ಧೆ ಗೆದ್ದರೆ ಸಾಕು, ವಾದ್ಯವೃಂದವನ್ನೂ ಗಾಯಕರನ್ನೂ ಕೈಸನ್ನೆಯಿಂದ ನಡೆಸುವ ಕಂಡಕ್ಟರ್ ಆದಂತೆ ಎಂದು ಕೆಲವರು ಹೇಳುತ್ತಾರೆ. ಆದರೆ ಒಪೆರಾದ (ಪಾಶ್ಚಾತ್ಯ ಸಂಗೀತ ನಾಟಕದ) ಹಳೇ ದಾರಿಯನ್ನು ದಯವಿಟ್ಟು ಬಿಡಬೇಡಿ: ಮೊದಲು ರೆಪೆಟಿಟರ್ ಆಗಿ ಪಿಯಾನೋ ಮುಂದೆ ಕೂತು ಗಾಯಕರಿಗೆ ಅಭ್ಯಾಸ ಮಾಡಿಸುವುದು, ಆಮೇಲೆ ತೆರೆಮರೆಯ ಕೋರಸ್‌ಗೆ (ಗುಂಪು ಗಾಯಕರಿಗೆ) ಕೈಸನ್ನೆ ಮಾಡಿ ಹಾಡಿಸುವುದು, ಕೊನೆಗೆ ಕಂಡಕ್ಟರ್ ನಿಲ್ಲುವ ಪೋಡಿಯಂ. ಹೆಸರಾಂತ ಕಂಡಕ್ಟರ್ ಸೋಲ್ಟಿ ಬುಡಾಪೆಸ್ಟ್‌ನಲ್ಲಿ ರೆಪೆಟಿಟರ್ ಆಗಿದ್ದವರು. ಅಷ್ಟೇ ಹೆಸರಾಂತ ಕಾರಯಾನ್ 1929ರಲ್ಲಿ ಜರ್ಮನಿಯ ಉಲ್ಮ್‌ನ ಸಣ್ಣ ರಂಗಮಂದಿರದಲ್ಲಿ ಶುರುಮಾಡಿದವರು.

ಈ ಪಳಗುವಿಕೆ ಇಲ್ಲದವರು ಎಡವುವುದು ರೆಸಿಟಟಿವ್‌ನಲ್ಲೇ, ಅಂದರೆ ಮಾತಿನ ಧಾಟಿಯಲ್ಲಿ ಹಾಡುವ, ವಾದ್ಯಗಳು ಆಗಾಗ ಮಾತ್ರ ನುಡಿಯುವ ಭಾಗದಲ್ಲಿ. ವಾದ್ಯಗಳು ಸುಮ್ಮನಿರುವಾಗಲೂ ಎಲ್ಲ ಬೀಟ್ ಬೀಸುತ್ತಿದ್ದರೆ ವಾದಕರಿಗೆ ಎಲ್ಲಿದ್ದೇವೆಂದೇ ತಿಳಿಯದು. ವಾದ್ಯಗಳಿಲ್ಲದ ಖಾಲಿ ಬಾರ್‌ಗಳ (ತಾಳದ ಸುತ್ತುಗಳ) ಮೊದಲ ಬೀಟನ್ನಷ್ಟೇ ಸಣ್ಣದಾಗಿ ತೋರಿಸಿ, ಕೈ ನಿಲ್ಲಿಸಿ, ವಾದ್ಯಗಳು ನುಡಿಸುವ ಮುಂದಿನ ಸ್ವರಗುಚ್ಛಕ್ಕೆ (ಕಾರ್ಡ್) ಒಂದೇ ಒಂದು ಸ್ಪಷ್ಟ ಅಪ್‌ಬೀಟ್ (ಮುನ್ಸೂಚನೆಯ ಸನ್ನೆ) ಕೊಡಬೇಕು. ಇನ್ನು ದೂರದ ಸಮಸ್ಯೆ: 17 ಮೀಟರ್ ಹಿಂದೆ ನಿಂತ ಕೋರಸ್‌ನ ದನಿ ಸುಮಾರು 50 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಅದಕ್ಕೆ ಕಾಯುತ್ತಾ ಹೋದರೆ ಲಯ ಎಳೆದಾಡುತ್ತದೆ. ಕೋರಸ್‌ನವರು ಕಿವಿ ಬಿಟ್ಟು ಕಂಡಕ್ಟರ್ ಕೈಯ ಕೋಲನ್ನೇ ನೋಡಬೇಕು.