ರೋಮಿನ ನಲ್ಲಿ ಮತ್ತು ನಮ್ಮವರು

ಬೆಳಗ್ಗೆ ಆರೂವರೆಗೆ ಹೋಟೆಲಿನ ಬಚ್ಚಲಿನಿಂದ ನಮ್ಮವರು ಕೂಗಿಕೊಂಡಾಗಲೇ ಆ ದಿನದ ಜಾತಕ ನನಗೆ ಗೊತ್ತಾಗಬೇಕಿತ್ತು. ಮುಖ ತೊಳೆಯಲೆಂದು ‘ಸಿ’ ಅಕ್ಷರವಿದ್ದ ನಲ್ಲಿಯನ್ನು ಪೂರ್ತಿ ತಿರುಗಿಸಿ ಕೈಯೊಡ್ಡಿದ್ದರು. ಸಿ ಎಂದರೆ ಕೋಲ್ಡ್ ತಾನೆ? ಇಟಲಿಯಲ್ಲಿ ಅಲ್ಲ. ಅಲ್ಲಿ ಸಿ ಎಂದರೆ ‘ಕಾಲ್ದೊ’, ಅಂದರೆ ಬಿಸಿ. ತಣ್ಣೀರು ಬೇಕಾದರೆ ‘ಎಫ್’, ಫ್ರೆದ್ದೊ.

“ಕೋಲ್ಡು ಎಂದು ಹೆಸರಿಟ್ಟು ಕುದಿಯುವ ನೀರು ಬಿಡುತ್ತಾರಲ್ಲ, ಇದು ಯಾವ ಸೀಮೆಯ ನ್ಯಾಯ ಕಣೇ?” ಎಂದು ಕೆಂಪಗಾದ ಬೆರಳುಗಳನ್ನು ಊದಿಕೊಳ್ಳುತ್ತ ಹೊರಗೆ ಬಂದರು.

ಮಗಳು ಇರುವುದು ಮ್ಯೂನಿಕ್‌ನಲ್ಲಿ. ಅವಳ ಮನೆಯಲ್ಲಿ ಒಂದು ತಿಂಗಳು ಕೂತು, ನಾನು ಅಡುಗೆಮನೆಯ ಡಬ್ಬಗಳನ್ನೂ ಇವರು ಅಳಿಯನ ಪುಸ್ತಕದ ಕಪಾಟನ್ನೂ ‘ಸರಿ’ ಮಾಡಿದ ಮೇಲೆ, ಅವಳೇ ರೋಮಿಗೆ ಟಿಕೆಟ್ ಮಾಡಿಸಿ “ನೀವಿಬ್ಬರೇ ಆರಾಮವಾಗಿ ಹೋಗಿ ಬನ್ನಿ” ಎಂದಳು. ಪ್ರೀತಿಯಿಂದಲೇ ಹೇಳಿದಳು ಎಂದುಕೊಂಡಿದ್ದೇನೆ.

ರೋಮಿನಲ್ಲಿ ಇಳಿದ ಅರ್ಧ ಗಂಟೆಯಲ್ಲಿ ಇವರೊಂದು ಸಂಶೋಧನೆ ಮಾಡಿದ್ದರು. ಇಟಾಲಿಯನ್ ಪದಗಳೆಲ್ಲ ಸ್ವರದಲ್ಲೇ ಮುಗಿಯುತ್ತವೆ: ಪಾಸ್ತಾ, ಜೆಲಾಟೊ, ಪಿಯಾತ್ಸಾ. ನಾವು ಬಸ್ಸು, ಕಾರು, ಪೆನ್ನು ಎಂದು ಬಾಲ ಹಚ್ಚುವ ಹಾಗೆಯೇ. “ಇದು ನಮ್ಮ ಭಾಷೆಯ ದಾಯಾದಿ. ನನಗೆ ಬಿಡು, ನಿಭಾಯಿಸುತ್ತೇನೆ” ಎಂದರು. 35 ವರ್ಷ ಬ್ಯಾಂಕಿನಲ್ಲಿ ದುಡಿದವರಿಗೆ ನಿವೃತ್ತಿಯಾದ ಮೇಲೆ ಇಷ್ಟಾದರೂ ಅಧಿಕಾರ ಬೇಡವೇ ಎಂದು ಬಿಟ್ಟುಕೊಟ್ಟೆ.

ಮೊದಲ ಅನಾಹುತ ನಡೆದದ್ದು ಒಂದು ಬೀದಿ ನಲ್ಲಿಯ ಎದುರು. ರೋಮಿನ ಬೀದಿಗಳಲ್ಲಿ ಎದೆಮಟ್ಟದ ಎರಕದ ಕಬ್ಬಿಣದ ಕಂಬಗಳಿವೆ. ಒಂದೊಂದರಿಂದಲೂ ಸೊಂಡಿಲಿನಂಥ ಕೊಳವೆ ಬಾಗಿರುತ್ತದೆ. ಜನ ಅದನ್ನು ‘ನಾಸೋನೆ’ ಎನ್ನುತ್ತಾರೆ, ದೊಡ್ಡ ಮೂಗು ಎಂದರ್ಥ. 1870ರ ದಶಕದಿಂದ ಇವೆಯಂತೆ, ಊರಿಡೀ ಸುಮಾರು 2,500. ಎಲ್ಲದರಲ್ಲೂ ಕುಡಿಯುವ ನೀರು, ಹಗಲೂ ರಾತ್ರಿ ಹರಿಯುತ್ತಲೇ ಇರುತ್ತದೆ.

ಆ ಹರಿಯುವುದೇ ಇವರಿಗೆ ಸಹಿಸಲಾಗಲಿಲ್ಲ. ಮೈಸೂರಿನಲ್ಲಿ ಬೀದಿ ನಲ್ಲಿ ಸೋರುವುದನ್ನು ಕಂಡರೆ ಸ್ಕೂಟರ್ ನಿಲ್ಲಿಸಿ, ಇಳಿದು, ತಿರುಪಿ ಬರುವ ಜೀವ. “ಯಾರೋ ಪುಣ್ಯಾತ್ಮ ಬಿಟ್ಟು ಹೋಗಿದ್ದಾನೆ” ಎಂದು ಕಂಬವನ್ನು ಒಂದು ಪ್ರದಕ್ಷಿಣೆ ಹಾಕಿದರು. ತಿರುಪು ಸಿಗಲಿಲ್ಲ. ಬಗ್ಗಿ ಬುಡದಲ್ಲಿ ತಡಕಿದರು. ಅಲ್ಲೂ ಇಲ್ಲ. ಕೊನೆಗೆ, ನಾನು “ರೀ, ಬೇಡ” ಎನ್ನುವಷ್ಟರಲ್ಲಿ, ಕೊಳವೆಯ ಬಾಯಿಗೆ ಅಂಗೈಯನ್ನು ಬಿಗಿಯಾಗಿ ಒತ್ತಿಯೇಬಿಟ್ಟರು.

ಆ ಸೊಂಡಿಲಿನ ಬೆನ್ನ ಮೇಲೊಂದು ಸಣ್ಣ ತೂತಿದೆ. ಕೆಳಗೆ ಮುಚ್ಚಿದರೆ ನೀರು ಅಲ್ಲಿಂದ ಚಿಮ್ಮುತ್ತದೆ. ಚಿಮ್ಮಿದ್ದು ಬಾಟಲಿ ಹಿಡಿದು ಸರದಿಯಲ್ಲಿ ನಿಂತಿದ್ದ ಒಬ್ಬ ವಯಸ್ಸಾದ ಪಾದ್ರಿಯ ಕನ್ನಡಕಕ್ಕೆ. ಗಾಬರಿಯಲ್ಲಿ ಇವರು ಕೈ ತೆಗೆಯುವ ಬದಲು ಇನ್ನೂ ಬಲವಾಗಿ ಒತ್ತಿದರು. ನೀರು ಕನ್ನಡಕ ದಾಟಿ ಹಣೆಗೇರಿತು. ಪಾದ್ರಿಗಳು ಸಿಟ್ಟಾಗಲಿಲ್ಲ. ಮುಖ ಒರೆಸಿಕೊಂಡು, ನಗುತ್ತ, ಕೊಳವೆಯ ಬಾಯಿಯನ್ನು ಒಂದೇ ಬೆರಳಿನಿಂದ ಮುಚ್ಚಿ, ಮೇಲೆ ಕಮಾನಾಗಿ ಎದ್ದ ನೀರಿಗೆ ಬಾಯೊಡ್ಡಿ ಕುಡಿದು ತೋರಿಸಿದರು. ಕುಡಿಯುವ ಕ್ರಮವೇ ಅದಂತೆ. ಹೋಗುವಾಗ ಇವರ ಹೆಗಲು ತಟ್ಟಿ ಏನೋ ಹೇಳಿದರು. ಎಲ್ಲ ಸ್ವರಾಂತ್ಯವಾಗಿತ್ತು, ಆಶೀರ್ವಾದವೋ ಬೈಗುಳವೋ ಇವರಿಗೂ ತಿಳಿಯಲಿಲ್ಲ.

ಪ್ರಾಚೀನ ರೋಮನ್ನರ ಗುಡಿ ಪ್ಯಾಂಥಿಯಾನ್ ತಲುಪುವ ಹೊತ್ತಿಗೆ ಮಳೆ. ತಲೆಗೆ ಐದು ಯೂರೊ ಕೊಟ್ಟು ಒಳಗೆ ಹೋದರೆ ಅಲ್ಲೂ ಮಳೆ! ಗುಮ್ಮಟದ ನೆತ್ತಿಯಲ್ಲಿ ಸುಮಾರು ಒಂಬತ್ತು ಮೀಟರ್ ಅಗಲದ ತೂತಿದೆ. ಬೆಳಕಿನ ಜೊತೆ ಮಳೆಯೂ ನೇರವಾಗಿ ಬೀಳುತ್ತದೆ, ನೆಲಕ್ಕೆ ತುಸು ಇಳಿಜಾರು ಕೊಟ್ಟು ನೀರಿಳಿಯಲು ಕಿಂಡಿಗಳನ್ನು ಕೊರೆದಿದ್ದಾರೆ. ಹತ್ತಿರ ಹತ್ತಿರ 1,900 ವರ್ಷದ ಕಾಂಕ್ರೀಟು, ಒಂದು ಕಂಬಿಯಿಲ್ಲ. ಜನರೆಲ್ಲ ಬಾಯಿ ತೆರೆದು ಮೇಲೆ ನೋಡುತ್ತಿದ್ದರೆ ಇವರು ಕೊಡೆ ಬಿಚ್ಚಿಕೊಂಡು ಕೆಳಗೆ ಆ ಕಿಂಡಿಗಳನ್ನೇ ನೋಡುತ್ತ ನಿಂತರು. “ನಮ್ಮ ಮೇಸ್ತ್ರಿಯನ್ನು ಇಲ್ಲಿಗೆ ಕರೆತರಬೇಕಿತ್ತು” ಎಂದರು. ನಮ್ಮ ತಾರಸಿಗೆ ಹನ್ನೆರಡು ವರ್ಷ. ತೂತಿಲ್ಲ, ಆದರೂ ದೇವರ ಮನೆಗೆ ಸೋರುತ್ತದೆ.

ತ್ರೇವಿ ಕಾರಂಜಿಗೆ ಇವರು ಊರಿನಿಂದಲೇ ತಯಾರಾಗಿ ಬಂದಿದ್ದರು. ಕಾರಂಜಿಗೆ ಬೆನ್ನು ಮಾಡಿ ಬಲಗೈಯಿಂದ ಎಡ ಹೆಗಲಿನ ಮೇಲೆ ನಾಣ್ಯ ಎಸೆದರೆ ಮತ್ತೊಮ್ಮೆ ರೋಮಿಗೆ ಬರುತ್ತೇವೆ ಎಂಬ ನಂಬಿಕೆ. ಹೀಗೆ ಬಿದ್ದ ಹಣ ಧರ್ಮಕಾರ್ಯಕ್ಕೆ ಹೋಗುತ್ತದೆ. ಇವರ ಲೆಕ್ಕಾಚಾರವೇ ಬೇರೆ. ಹತ್ತು ರೂಪಾಯಿಯ ನಾಣ್ಯ ಚಲಾವಣೆಯಲ್ಲಿದೆ ಎಂದು ರಿಸರ್ವ್ ಬ್ಯಾಂಕ್ ಎಷ್ಟು ಸಲ ಹೇಳಿದರೂ ನಮ್ಮ ಬೀದಿಯ ತರಕಾರಿಯವನು “ಇದು ನಡೆಯುವುದಿಲ್ಲ ಸಾರ್” ಎಂದು ಹಿಂದಕ್ಕೆ ಕೊಡುತ್ತಾನೆ. ಹಾಗೆ ಹಿಂದಕ್ಕೆ ಬಂದ ಎರಡು ನಾಣ್ಯಗಳನ್ನು ಇವರು ಈ ಘಳಿಗೆಗೆಂದೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಕಣ್ಣು ಮುಚ್ಚಿ ನಿಂತು ನನಗೊಂದು, ತಮಗೊಂದು ಎಸೆದರು. “ನೋಡು, ಎಲ್ಲೂ ನಡೆಯದ್ದು ಇಲ್ಲಿ ನಡೆಯಿತು.”

ರಾತ್ರಿ ಊಟಕ್ಕೆ ಒಂದು ಸಣ್ಣ ಹೋಟೆಲು, ಮಂದ ದೀಪ. ನಾವು ಸಸ್ಯಾಹಾರಿಗಳು, ಆದ್ದರಿಂದ ಮೆನು ಓದುವುದು ದಸ್ತಾವೇಜು ಪರಿಶೀಲಿಸಿದಷ್ಟೇ ಗಂಭೀರ ಕೆಲಸ. ‘ಪೆಪೆರೋನಿ’ ಪಿಜ್ಜಾ? ಬೇಡ, ಹಂದಿಮಾಂಸ, ಬೆಂಗಳೂರಿನಲ್ಲೇ ಕೇಳಿದ್ದೇವೆ. ‘ಮರಿನಾರಾ’? ಮರೀನಾ ಬೀಚ್ ನೆನಪಾಗಿ ಅದನ್ನೂ ಬಿಟ್ಟೆವು. ‘ಫಿಯೋರಿ ದಿ ಜುಕ್ಕಾ’ ಎಂಬುದು ಏನೆಂದು ಕೇಳಿದಾಗ ಮಾಣಿ ಎರಡೂ ಕೈಗಳಿಂದ ಗಾಳಿಯಲ್ಲಿ ಕುಂಬಳಕಾಯಿ ಬರೆದು, ಅದರ ಮೇಲೊಂದು ಹೂವು ಅರಳಿಸಿದ. ಕುಂಬಳದ ಹೂವು! ಇವರ ಕಣ್ಣಲ್ಲಿ ಅಜ್ಜಿ ಮನೆಯ ಹಿತ್ತಲೇ ಬಂದು ನಿಂತಿತು. ಹೆಸರಿನ ಕೆಳಗೆ ‘ಮೊಜ್ಜರೆಲ್ಲಾ’ ಎಂದಿತ್ತು, ಅದು ಚೀಸು. ಮುಂದೆ ಇನ್ನೊಂದು ಪದ.

“ಆಲಿಸಿ” ಎಂದು ಓದಿದರು ಇವರು. “ನೋಡಿದೆಯಾ? ಶುದ್ಧ ಕನ್ನಡ. ಬಹುವಚನ ಬೇರೆ.”

“ಆಲೀಚಿ” ಎಂದು ಮಾಣಿ ತಿದ್ದಿದ. “ಉಚ್ಚಾರ ಸ್ವಲ್ಪ ಬೇರೆ” ಎಂದು ಇವರು ಕ್ಷಮಿಸಿದರು.

ನಮ್ಮ ಬಜ್ಜಿಯ ಹಾಗೆ ಹಿಟ್ಟಿನಲ್ಲಿ ಅದ್ದಿ ಕರಿದ ಹೂಗಳು ಬಂದವು. ಹೊರಗೆ ಗರಿಗರಿ, ಒಳಗೆ ಎಳೆಯೆಳೆಯಾಗಿ ಹಿಗ್ಗುವ ಚೀಸು. ನಾನು ಮಗಳಿಗೆ ಕಳಿಸಲು ತಟ್ಟೆಯ ಫೋಟೊ, ಮೆನುವಿನ ಫೋಟೊ ತೆಗೆಯುತ್ತಿರುವಾಗಲೇ ಇವರು ಒಂದನ್ನು ಮುಗಿಸಿ ಎರಡನೆಯದಕ್ಕೆ ಕೈ ಹಾಕಿದ್ದರು. “ಒಳಗೆ ಏನೋ ಉಪ್ಪುಪ್ಪಾಗಿ ಇಟ್ಟಿದ್ದಾರೆ ಕಣೇ. ಹಳೆಯ ಮಿಡಿ ಉಪ್ಪಿನಕಾಯಿಯ ಹಾಗೆ. ಬಹಳ ಚೆನ್ನಾಗಿದೆ.”

ಮೊಬೈಲ್ ಟಿಂಗ್ ಎಂದಿತು. ಮಗಳ ಉತ್ತರ: “ಅಮ್ಮಾ, ಆಲೀಚಿ ಅಂದರೆ ಮೀನು.”

ಇವರ ದವಡೆ ಅರ್ಧದಲ್ಲಿ ನಿಂತಿತು. ನುಂಗುವುದೋ ಉಗುಳುವುದೋ ಎಂಬ ಧರ್ಮಸಂಕಟ. ಒಂದು ಕ್ಷಣ ಛಾವಣಿ ನೋಡಿ, ನುಂಗಿದರು. “ಅನ್ನ ಚೆಲ್ಲಬಾರದು” ಎಂದು ಮೆಲ್ಲಗೆ ಹೇಳಿದ್ದು ನನಗೋ ಅಜ್ಜಿಗೋ ತಿಳಿಯದು.

ವಿಷಯ ಅರಿತ ಮಾಣಿ ತಲೆ ಚಚ್ಚಿಕೊಂಡು ಒಳಗೆ ಓಡಿದ. ಬರುವಾಗ ಕೈಯಲ್ಲಿ ಒಂದು ಕೆಂಪು ದೊಣ್ಣೆಮೆಣಸಿನಕಾಯಿ. ಅದನ್ನು ನಮ್ಮ ಮೂಗಿನ ಮುಂದೆ ಹಿಡಿದು “ಪೆಪೆರೋನಿ!” ಎಂದ. ಇಟಲಿಯಲ್ಲಿ ಪೆಪೆರೋನಿ ಎಂದರೆ ಅದೇ! ಮರಿನಾರಾದಲ್ಲೂ ಸಮುದ್ರದ ಸುಳಿವಿಲ್ಲ, ಬರೀ ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ. ಎರಡನ್ನೂ ತರಿಸಿಕೊಂಡು ತಿಂದೆವು. ಇವರು ಮಾತಾಡಲಿಲ್ಲ.

ಬಿಲ್ಲು ಕೊಟ್ಟು, ಮಾಣಿಯ ಉಪಕಾರಕ್ಕೆಂದು ತಟ್ಟೆಯಲ್ಲಿ ಒಂದು ಯೂರೊದ ಎರಡು ನಾಣ್ಯಗಳನ್ನು ಧಾರಾಳವಾಗಿ ಇಟ್ಟು ಹೊರಟೆವು. ಬೀದಿಯ ತಿರುವಿನಲ್ಲಿ ಹಿಂದಿನಿಂದ “ಸಿಞ್ಞೋರೆ! ಸಿಞ್ಞೋರೆ!” ಎಂದು ಕೂಗು. ಮಾಣಿ ಏದುಸಿರು ಬಿಡುತ್ತ ಓಡಿ ಬಂದು ಇವರ ಅಂಗೈಯಲ್ಲಿ ಆ ಎರಡೂ ನಾಣ್ಯಗಳನ್ನು ಮರಳಿ ಇಟ್ಟ. ಬೀದಿ ದೀಪಕ್ಕೆ ಹಿಡಿದು ನೋಡಿದೆವು. ಸುತ್ತ ಹಳದಿ, ನಡುವೆ ಬಿಳಿ, ಯೂರೊದ ಹಾಗೆಯೇ. ಆದರೆ ನಡುವೆ ಅಶೋಕಸ್ತಂಭದ ಸಿಂಹಗಳು.

ಹಾಗಾದರೆ ಕಾರಂಜಿಗೆ ಬಿದ್ದದ್ದು?

35 ವರ್ಷ ಬ್ಯಾಂಕಿನಲ್ಲಿದ್ದವರು ನಾಣ್ಯಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಜೇಬಿಗಿಳಿಸುತ್ತ, “ಇಲ್ಲೂ ತೆಗೆದುಕೊಳ್ಳುವುದಿಲ್ಲ ಕಣೇ” ಎಂದರು.