ಮೀರಾ ಪೈಬಿಗಳ ಕೈಗೆ ನ್ಯಾಯ ಕೊಡಬಹುದೇ?

ಪರ

ಮಣಿಪುರದ ಕಣಿವೆಯಲ್ಲಿ ರಾತ್ರಿ ಹೊತ್ತು ವಿದ್ಯುತ್ ಕಂಬಕ್ಕೆ ಕಲ್ಲಿನಿಂದ ಬಡಿದ ಸದ್ದು ಕೇಳಿದರೆ ಓಣಿಯ ಹೆಂಗಸರು ಪಂಜು ಹಿಡಿದು ಹೊರಬರುತ್ತಾರೆ. ಇವರೇ ಮೀರಾ ಪೈಬಿಗಳು, ಅಂದರೆ ಪಂಜು ಹಿಡಿದವರು. ಯಾರದೋ ಮಗನನ್ನು ಯೋಧರು ಎಳೆದೊಯ್ಯುತ್ತಿರಬಹುದು. ಮೊದಲು ಕುಡಿತದ ವಿರುದ್ಧ ಬೀದಿಗಿಳಿದಿದ್ದ ಕಣಿವೆಯ ಮೈತೇಯಿ ಸಮುದಾಯದ ಈ ತಾಯಂದಿರು, 1980ರಲ್ಲಿ ಇಡೀ ರಾಜ್ಯ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯಡಿ ಬಂದ ಮೇಲೆ ಕಾವಲಿಗೆ ನಿಂತರು. ಕೇಂದ್ರದ ಅನುಮತಿಯಿಲ್ಲದೆ ಯೋಧರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎನ್ನುವ ಕಾಯ್ದೆ ಅದು. ಅವರು ಇನ್ಯಾವ ಬಾಗಿಲು ತಟ್ಟಬೇಕಿತ್ತು?

2004ರ ಜುಲೈನಲ್ಲಿ ಅಸ್ಸಾಂ ರೈಫಲ್ಸ್ ಎಂಬ ಅರೆಸೇನಾ ಪಡೆ ತಂಗ್ಜಂ ಮನೋರಮಾ ಅವರನ್ನು ರಾತ್ರೋರಾತ್ರಿ ಮನೆಯಿಂದ ಕರೆದೊಯ್ದಿತು. ಮರುದಿನ ಗುಂಡೇಟು ಬಿದ್ದ ಶವ ಸಿಕ್ಕಿತು. ಜುಲೈ 15ರಂದು ಹನ್ನೆರಡು ತಾಯಂದಿರು ಆ ಪಡೆ ನೆಲೆಸಿದ್ದ ಇಂಫಾಲದ ಕಾಂಗ್ಲಾ ಕೋಟೆಯ ಮುಂದೆ ಬ್ಯಾನರ್ ಹಿಡಿದು ಬೆತ್ತಲೆ ನಿಂತರು. ಮುಂದಿನ ತಿಂಗಳೇ ಇಂಫಾಲದ ಏಳು ವಿಧಾನಸಭಾ ಕ್ಷೇತ್ರಗಳಿಂದ ಕಾಯ್ದೆ ಹೋಯಿತು. ನವೆಂಬರ್‌ನಲ್ಲಿ ಕೋಟೆಯೂ ರಾಜ್ಯದ ಕೈಸೇರಿತು.

ಗಂಡ, ಮಕ್ಕಳನ್ನು ಕಳೆದುಕೊಂಡವರ ಸಂಘವೊಂದು 2012ರಲ್ಲಿ 1,528 ಸಾವುಗಳ ಪಟ್ಟಿ ಹಿಡಿದು ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟ್ ನೇಮಿಸಿದ ನಮ್ಮ ಸಂತೋಷ್ ಹೆಗ್ಡೆಯವರ ಸಮಿತಿ ಅದರಲ್ಲಿ ಆರು ಪ್ರಕರಣಗಳನ್ನು ಕೆದಕಿ ನೋಡಿತು. ಒಂದೂ ಅಸಲಿ ಎನ್‌ಕೌಂಟರ್ ಆಗಿರಲಿಲ್ಲ. ಓಣಿಯ ಹೆಂಗಸರು ವರ್ಷಗಟ್ಟಲೆ ಕೂಗಿ ಹೇಳಿದ್ದೂ ಇದನ್ನೇ.

ವಿರೋಧ

ಆ ಹನ್ನೆರಡು ತಾಯಂದಿರಿಗೆ ನಾನೂ ಕೈಮುಗಿಯುತ್ತೇನೆ. ಆದರೆ 2023ರ ಮೇ 3ರಂದು ಮೈತೇಯಿಗಳಿಗೂ ಬೆಟ್ಟಗಳ ಕುಕಿ ಸಮುದಾಯಕ್ಕೂ ನಡುವೆ ಹಿಂಸೆ ಹೊತ್ತಿಕೊಂಡ ಮೇಲೆ ಈ ಕಾವಲು ಒಂದೇ ಕಡೆಯದಾಯಿತು. ಜೂನ್ 24ರಂದು ಇಥಾಮ್ ಗ್ರಾಮದಲ್ಲಿ ಸೇನೆ ಹನ್ನೆರಡು ಮೈತೇಯಿ ಉಗ್ರರನ್ನು ಹಿಡಿದಿತ್ತು. ಹೆಂಗಸರನ್ನು ಮುಂದಿಟ್ಟುಕೊಂಡು ಸಾವಿರಕ್ಕೂ ಹೆಚ್ಚು ಜನ ಮುತ್ತಿದರು. ರಕ್ತಪಾತ ಬೇಡವೆಂದು ಸೇನೆ ಅವರನ್ನು ಬಿಟ್ಟುಕೊಟ್ಟಿತು. 2015ರಲ್ಲಿ ಡೋಗ್ರಾ ರೆಜಿಮೆಂಟಿನ ಮೇಲೆ ನಡೆದ ದಾಳಿಯ ಸಂಚುಕೋರನೂ ಅವರಲ್ಲಿದ್ದ ಎಂದು ಸೇನೆ ಹೇಳಿತು. ಆ ದಾಳಿಯಲ್ಲಿ ಸತ್ತ ಯೋಧರಿಗೂ ತಾಯಂದಿರಿದ್ದರು.

ಗುಂಪೊಂದು ಕುಕಿ ಮಹಿಳೆಯರನ್ನು ಬೆತ್ತಲೆ ಮೆರವಣಿಗೆ ಮಾಡಿಸಿದ ವಿಡಿಯೊ ಜುಲೈನಲ್ಲಿ ಹೊರಬಂದಾಗ ಮೈತೇಯಿ ಹೆಂಗಸರೇ ಆರೋಪಿಯೊಬ್ಬನ ಮನೆಗೆ ಬೆಂಕಿ ಇಟ್ಟರು. ಸಿಟ್ಟು ನ್ಯಾಯವಾದದ್ದೇ. ಆದರೆ ಅದರಿಂದ ಸಂತ್ರಸ್ತೆಯರ ಹೇಳಿಕೆ ದಾಖಲಾಗಲಿಲ್ಲ, ವಿಚಾರಣೆ ಒಂದು ಹೆಜ್ಜೆಯೂ ಮುಂದೆ ಸಾಗಲಿಲ್ಲ.

ಕಾವಲಿಗೆ ಈ ತಾಯಂದಿರು ಇರಲಿ. ತೀರ್ಪಿಗೆ ಮಾತ್ರ ಎದುರು ಪಾಳೆಯದ ಹೆಣ್ಣುಮಗಳೂ ಹೆದರದೆ ಬಂದು ನಿಲ್ಲುವಂಥ ಜಾಗ ಬೇಕು. ಕುಕಿಗಳು ಇಂಫಾಲಕ್ಕೆ ಕಾಲಿಡಲಾಗದ ಆ ದಿನಗಳಲ್ಲಿ ಸುಪ್ರೀಂ ಕೋರ್ಟ್ ಸಿಬಿಐ ಪ್ರಕರಣಗಳ ವಿಚಾರಣಾಪೂರ್ವ ಕೆಲಸವನ್ನು ಅಸ್ಸಾಮಿಗೆ ವರ್ಗಾಯಿಸಿ, ಸಂತ್ರಸ್ತರು ಮಣಿಪುರದಿಂದಲೇ ಆನ್‌ಲೈನ್‌ನಲ್ಲಿ ಹೇಳಿಕೆ ಕೊಡಬಹುದು ಎಂದದ್ದು ಅದಕ್ಕೇ.